ಮರೆತಿಲ್ಲ ಮೇಡಂ, ಎಣಿಸಿದೀನಿ

"ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಆಪ್ತಸಲಹೆ ನೀಡಿ." ಇಷ್ಟೇ ಬರೆದ ಚೀಟಿ ಹಿಡಿದು ನನ್ನ ಕೋಣೆಗೆ ಬರುವವರು ತುಂಬಾ ಜನ. ಈಚಿನ ವರ್ಷಗಳಲ್ಲಿ ಅವರಲ್ಲಿ ಹಲವರ ಕಥೆ ಸುತ್ತಿ ಬಳಸಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಅವರ ಒಪ್ಪಿಗೆ ಕೇಳಿದ್ದೇನೆ.

ಸರೋಜಮ್ಮನಿಗೆ ನಲವತ್ತಾರು ವರ್ಷ. ಗಂಡನ ಮನೆ ಬಿಟ್ಟು ಬಂದು ಬಹಳ ಕಾಲವಾಯಿತು, ಅಣ್ಣ ಅತ್ತಿಗೆಯ ಜೊತೆ ಇದ್ದಾರೆ. ಬೈಪೋಲಾರ್ ಕಾಯಿಲೆ. ಕೆಲವು ತಿಂಗಳು ಮೈಮನಸ್ಸು ಹಾರುತ್ತಿರುತ್ತದೆ, ಕೆಲವು ತಿಂಗಳು ಹಾಸಿಗೆಯಿಂದ ಏಳಲಾಗುವುದಿಲ್ಲ. ಮನಸ್ಸಿನ ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಶುರುವಾದ ಮೇಲೆ ಆರು ವರ್ಷ ಆಸ್ಪತ್ರೆಗೆ ದಾಖಲಾಗಿರಲಿಲ್ಲ. ಅಂಗವೈಕಲ್ಯ ಪ್ರಮಾಣಪತ್ರವಿದೆ, ತಿಂಗಳಿಗೆ ಎಂಟುನೂರು ರೂಪಾಯಿ ಅಂಗವಿಕಲ ವೇತನ ಬರುತ್ತದೆ. ಬಿಡುವಿನಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾರೆ.

ಅವರನ್ನು ಕರೆತಂದವರು ಅತ್ತಿಗೆ. ಹತ್ತು ದಿನದಿಂದ ನಿದ್ದೆ ಇಲ್ಲ, ಮಾತು ನಿಲ್ಲುತ್ತಿಲ್ಲ, ಅಂಗಡಿಯಲ್ಲಿ ಸಾಲ ಹೇಳಿ ಮೂವತ್ತು ಸೀರೆಗಾಗುವಷ್ಟು ರೇಷ್ಮೆ ದಾರ ತಂದಿದ್ದಾರೆ. ಡಾಕ್ಟರು ನೋಡಿ ಔಷಧ ಸರಿಪಡಿಸಿ ನನ್ನ ಬಳಿ ಕಳಿಸಿದರು.

ಮೊದಲ ಎರಡು ಭೇಟಿಗಳಲ್ಲಿ ನಾನು ಮಾಡಿದ್ದು ತಪ್ಪು. ಚೀಟಿಯಲ್ಲಿದ್ದುದನ್ನೇ ನಂಬಿ ಮೊಬೈಲಿಗೆ ಅಲಾರಂ ಇಟ್ಟುಕೊಟ್ಟೆ, ಗೋಡೆಗೆ ಅಂಟಿಸಲು ಪಟ್ಟಿ ಬರೆದುಕೊಟ್ಟೆ, ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಅವರು ತಲೆ ಆಡಿಸುತ್ತ ಕೂತಿದ್ದರು. ಹೊರಡುವಾಗ "ಆಯ್ತು ಮೇಡಂ, ಇನ್ಮೇಲೆ ಮರೆಯಲ್ಲ" ಅಂದರು. ಆ ಮಾತಿನಿಂದ ನನಗೆ ಸಮಾಧಾನವಾಗಿತ್ತು. ಆಗಬಾರದಿತ್ತು.

ಮೂರನೆಯ ಸಲ ಬರುವಾಗ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತನ್ನಿ ಎಂದಿದ್ದೆ. ವ್ಯಾನಿಟಿ ಬ್ಯಾಗಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು, ಕುಂಕುಮ ಇಡುವಂಥದ್ದು. ಮುಚ್ಚಳ ತೆಗೆದರೆ ಒಳಗೆ ಲಿಥಿಯಂ ಮಾತ್ರೆಯ ಅರ್ಧ ಹೋಳುಗಳು. ಕೈಯಲ್ಲಿ ಮುರಿದವಲ್ಲ, ಕುಚ್ಚಿನ ದಾರ ಕತ್ತರಿಸುವ ಬ್ಲೇಡಿನಿಂದ ನೇರ ಗೆರೆಯಲ್ಲಿ ಕತ್ತರಿಸಿದವು. ಉದುರಿದ ಪುಡಿಯನ್ನೂ ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟಿದ್ದರು. ಆಮೇಲೆ ಮಡಿಸಿದ ಕ್ಯಾಲೆಂಡರ್ ಹಾಳೆ ಬಿಚ್ಚಿದರು. ಪ್ರತಿ ತಾರೀಖಿನ ಮೂಲೆಯಲ್ಲಿ ಪೆನ್ಸಿಲಿನ ಗುರುತು. ಕೆಲವು ದಿನ ಪೂರ್ತಿ ಸೊನ್ನೆ, ಹೆಚ್ಚಿನ ದಿನ ಅರ್ಧ ಸೊನ್ನೆ.

"ಇದೇನು ಸರೋಜಮ್ಮ?"

"ಮರೆತಿಲ್ಲ ಮೇಡಂ, ಎಣಿಸಿದೀನಿ."

ನಾನು ಸುಮ್ಮನಾದೆ. ಅವರು ಬೆರಳಿಟ್ಟು ತೋರಿಸುತ್ತ ಹೋದರು. ಅರ್ಧ ಸೊನ್ನೆ ಅಂದರೆ ಎಲ್ಲ ಹೊತ್ತೂ ಅರ್ಧರ್ಧ. ರಾತ್ರಿಯ ಇನ್ನೊಂದು ಮಾತ್ರೆ ದಿನ ಬಿಟ್ಟು ದಿನ. ತಲೆ ಓಡಲು ಶುರುವಾಯಿತು ಅನ್ನಿಸಿದರೆ ಎರಡು ದಿನ ಪೂರ್ತಿ. ಥೈರಾಯಿಡ್ ಮಾತ್ರೆ ಮಾತ್ರ ಕತ್ತರಿಸಿರಲಿಲ್ಲ, ಅದು ತೀರಾ ಚಿಕ್ಕದು, ಬ್ಲೇಡಿಗೆ ಸಿಗುವುದಿಲ್ಲ.

ಲೆಕ್ಕ ಹೀಗಿತ್ತು. ವೇತನ 800, ಕುಚ್ಚಿನಿಂದ ಸರಾಸರಿ 650, ಒಟ್ಟು 1,450. ಕೆಲವು ವರ್ಷದ ಹಿಂದೆ ಮಾತ್ರೆಗೆ 950 ಆಗುತ್ತಿತ್ತು, ಅತ್ತಿಗೆಯ ಕೈಗೆ 500. ಸರಿಹೋಗುತ್ತಿತ್ತು. ಈಗ ಅದೇ ಅಂಗಡಿಯಲ್ಲಿ ಅದೇ ಮಾತ್ರೆಗೆ 1,280. ಮುನ್ನೂರ ಮೂವತ್ತು ರೂಪಾಯಿ ಕಡಿಮೆ ಬೀಳುತ್ತದೆ. ಆ ಮುನ್ನೂರ ಮೂವತ್ತನ್ನು ಅವರು ಬ್ಲೇಡಿನಿಂದ ಹುಟ್ಟಿಸುತ್ತಿದ್ದರು.

"ಅತ್ತಿಗೆಗೆ ಕೊಡೋದನ್ನ ಕಡಿಮೆ ಮಾಡಬಹುದಿತ್ತಲ್ಲ?" ಅಂದೆ.

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಆ ಐನೂರು ಕೊಡೋದ್ರಿಂದ ಆ ಮನೇಲಿ ನಾನು ಎರಡನೇ ಸಲ ಸಾರು ಹಾಕಿಸ್ಕೋತೀನಿ ಮೇಡಂ. ಅದೂ ಇಲ್ಲ ಅಂದ್ರೆ ನಾನು ಹುಚ್ಚಿ ಅಷ್ಟೇ."

ಅದಾದ ಮೇಲೆ ಇನ್ನೊಂದು ಮಾತು ಹೇಳಿದರು, ಅದು ನನಗೆ ಪಾಠವಾಯಿತು. ಪೂರ್ತಿ ಲಿಥಿಯಂ ತೆಗೆದುಕೊಂಡರೆ ಬೆರಳು ನಡುಗುತ್ತದೆ, ಕುಚ್ಚಿನ ಗಂಟು ಸಮವಾಗಿ ಬರುವುದಿಲ್ಲ. ಅರ್ಧ ಮಾಡಿದ ಮೇಲೆ ಕೈನಡುಕ ನಿಂತಿತು, ತಿಂಗಳಿಗೆ ಒಂದು ಸೀರೆ ಹೆಚ್ಚಿಗೆ ಮುಗಿಯಿತು. ಅಂದರೆ ಮಾತ್ರೆ ಕತ್ತರಿಸಿದ್ದರಿಂದ ಖರ್ಚೂ ಇಳಿದಿತ್ತು, ಆದಾಯವೂ ಏರಿತ್ತು. ಇಂಥ ಲೆಕ್ಕದ ಎದುರು ನನ್ನ ಅಲಾರಂ ಏನು ಮಾಡೀತು?

ಕಾಯಿಲೆಯ ಬಗ್ಗೆ ಅರಿವಿಲ್ಲದವರು ಮಾತ್ರೆ ಬಿಡುತ್ತಾರೆ ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಇರಬಹುದು. ಸರೋಜಮ್ಮನಿಗೆ ತನ್ನ ಕಾಯಿಲೆಯ ಅರಿವು ನನಗಿಂತ ಚೆನ್ನಾಗಿತ್ತು. ಎಷ್ಟು ಕಡಿಮೆ ಮಾಡಿದರೆ ಎಷ್ಟು ದಿನ ತಡೆಯಬಹುದು ಎಂದು ಆಕೆ ತನ್ನ ಮೈಮೇಲೇ ಪರೀಕ್ಷೆ ಮಾಡುತ್ತಿದ್ದರು. ಅವರನ್ನು ಬೇಜವಾಬ್ದಾರಿ ಎಂದವರು, ನಾನೂ ಸೇರಿ, ಹಣದ ಮಾತು ಒಂದು ಸಲವೂ ಎತ್ತಿರಲಿಲ್ಲ.

ಬೆಲೆ ಏರಿದ್ದು ಅವರ ಭ್ರಮೆಯೂ ಅಲ್ಲ. ಬೆಲೆ ನಿಯಂತ್ರಣದಲ್ಲಿರುವ ಅಗತ್ಯ ಔಷಧಗಳಿಗೂ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏಪ್ರಿಲ್‌ನಲ್ಲಿ ದರ ಪರಿಷ್ಕರಣೆ ಇರುತ್ತದೆ. 2022ರಲ್ಲಿ ಅದು ಶೇ. 10ಕ್ಕೂ ಹೆಚ್ಚು, 2023ರಲ್ಲಿ ಶೇ. 12ಕ್ಕೂ ಹೆಚ್ಚು. ಆಮೇಲಿನ ಎರಡು ವರ್ಷ ಏರಿಕೆ ತೀರಾ ಕಡಿಮೆ. ಆದರೆ 2024ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಎಂಟು ಔಷಧಗಳ ಗರಿಷ್ಠ ಬೆಲೆಯನ್ನು ಒಮ್ಮೆಲೇ ಶೇ. 50ರಷ್ಟು ಏರಿಸಿತು, ಅದರಲ್ಲಿ 300 ಮಿಲಿಗ್ರಾಂ ಲಿಥಿಯಂ ಮಾತ್ರೆಯೂ ಇತ್ತು. ತಯಾರಿಕೆ ಗಿಟ್ಟುತ್ತಿಲ್ಲ, ಹೀಗೇ ಬಿಟ್ಟರೆ ಔಷಧವೇ ಸಿಗದಂತಾಗುತ್ತದೆ ಎಂಬುದು ಕೊಟ್ಟ ಕಾರಣ. ಕಾರಣ ಸುಳ್ಳೆಂದು ನಾನು ಹೇಳುವುದಿಲ್ಲ. ನಿಯಂತ್ರಣದ ಪಟ್ಟಿಯಲ್ಲಿಲ್ಲದ ಔಷಧಗಳ ಬೆಲೆಯನ್ನಂತೂ ಕಂಪನಿಗಳು ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಈ ಕಡೆ ಶೇ. 40ರಿಂದ 74ರಷ್ಟು ವೈಕಲ್ಯ ಇರುವವರ ವೇತನ ಎಂಟುನೂರರಲ್ಲೇ ನಿಂತಿತ್ತು. ಸೂಚ್ಯಂಕ ನೋಡಿ ಅದನ್ನು ಏರಿಸುವ ಏಪ್ರಿಲ್ ಯಾವುದೂ ಬಂದಿರಲಿಲ್ಲ.

ಆ ದಿನ ನಾನು ಕೊಟ್ಟ ಮೊದಲ ಸಲಹೆ: ಇವತ್ತಿನಿಂದ ಬ್ಲೇಡ್ ದಾರಕ್ಕೆ ಮಾತ್ರ. ಲಿಥಿಯಂ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ರಕ್ತದಲ್ಲಿ ಅದರ ಮಟ್ಟ ಒಂದು ಸಣ್ಣ ಮಿತಿಯೊಳಗೇ ಇರಬೇಕು, ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಒಮ್ಮೆಗೇ ಕಡಿಮೆ ಮಾಡಿದರೆ ಕಾಯಿಲೆ ಮರುಕಳಿಸಬಹುದು, ಸಾಯುವ ಯೋಚನೆಗಳೂ ಬರಬಹುದು. ಕೈನಡುಕಕ್ಕೆ ದಾರಿ ಇದೆ, ಆದರೆ ಅದನ್ನು ಹುಡುಕಬೇಕಾದವರು ಡಾಕ್ಟರು. ಎರಡನೆಯದು, ಡಾಕ್ಟರ ಮುಂದೆ ಕೂತ ತಕ್ಷಣ, ಬೇರೆಲ್ಲ ಮಾತಿಗೂ ಮೊದಲು, "ಇಷ್ಟು ದುಡ್ಡು ನನ್ನ ಕೈಲಾಗ್ತಿಲ್ಲ ಸಾರ್" ಅನ್ನಬೇಕು. ಈ ವಾಕ್ಯವನ್ನು ನನ್ನ ಮುಂದೆ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ಧ್ವನಿಯೇ ಹೊರಡಲಿಲ್ಲ. ಬಡತನ ಹೇಳಿಕೊಳ್ಳುವುದು ಕಾಯಿಲೆ ಹೇಳಿಕೊಳ್ಳುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಾದದ್ದು ಅವತ್ತು.

ಮೂರನೆಯದು ಎಲ್ಲ ಓದುಗರಿಗೂ ಬೇಕಾದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧಗಳು ಮಾನಸಿಕ ಕಾಯಿಲೆ ಇರುವ ಎಲ್ಲರಿಗೂ, ಎಲ್ಲ ಕಾಲದಲ್ಲೂ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ರಾಷ್ಟ್ರೀಯ ಪಟ್ಟಿಯಲ್ಲಿ ಲಿಥಿಯಂ ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡ್ ಇರಲಿ ಬಿಡಲಿ, ಚಿಕಿತ್ಸೆಯೇ ಉಚಿತ. ಇದು ಧರ್ಮಕ್ಕೆ ಕೊಡುವುದಲ್ಲ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ನಡೆಯುತ್ತದೆ. ಸರೋಜಮ್ಮ ಆ ಆಸ್ಪತ್ರೆಯ ಮುಂದೆಯೇ ಬಸ್ಸಿಳಿದು ಖಾಸಗಿ ಮೆಡಿಕಲ್ ಶಾಪಿಗೆ ಹೋಗುತ್ತಿದ್ದರು. ಯಾರೂ ಹೇಳಿರಲಿಲ್ಲ.

ಅಲ್ಲಿ ಸಿಗದ ರಾತ್ರಿಯ ಮಾತ್ರೆಯನ್ನು ಬ್ರ್ಯಾಂಡ್ ಬಿಟ್ಟು ಔಷಧದ ಮೂಲ ಹೆಸರಿನಲ್ಲಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಂಡರು. ಒಂದು ಎಚ್ಚರಿಕೆ: ಲಿಥಿಯಂ ಮತ್ತು ಮೂರ್ಛೆರೋಗದ ಔಷಧಗಳ ಕಂಪನಿ ಬದಲಾದರೆ ಡಾಕ್ಟರಿಗೆ ತಿಳಿಸಿ. ಲಿಥಿಯಂ ನುಂಗುವವರು ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ, ಲಿಥಿಯಂ ಮಟ್ಟ ಏರಿಬಿಡುತ್ತದೆ. ರಕ್ತ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚು ಉಳಿಯಿತು. ಒಬ್ಬ ಗಂಡಸಿಗೆ ಇದೇ ಸಲಹೆ ಕೊಡುವಾಗ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅಂಗವಿಕಲರ ರಿಯಾಯಿತಿ ಪಾಸ್ ಇದೆ ಎಂಬುದನ್ನು ಅವರಿಗೆ ತಪ್ಪದೇ ಹೇಳುತ್ತೇನೆ.

ನಾಲ್ಕನೆಯ ಸಲಹೆಗೆ ನನ್ನ ಮೇಲೆ ಆಕ್ಷೇಪ ಬಂತು. ವೇತನ ಬ್ಯಾಂಕಿಗೆ ಬಂದ ದಿನ ಮೊದಲು ಮಾತ್ರೆಯ ಹಣ ತೆಗೆದಿಡಿ, ಆಮೇಲೆ ಉಳಿದದ್ದರಲ್ಲಿ ಮನೆಗೆ ಕೊಡಿ ಎಂದೆ. ಅದನ್ನು ಅತ್ತಿಗೆಯನ್ನು ಒಳಗೆ ಕರೆದು ಅವರ ಎದುರಿಗೇ ಹೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ಸರಿಬರಲಿಲ್ಲ. ಆಪ್ತಸಲಹೆಗಾರರ ಕೆಲಸ ಕೇಳಿಸಿಕೊಳ್ಳುವುದು, ಮನೆಯ ಹಣಕಾಸಿಗೆ ಕೈ ಹಾಕುವುದಲ್ಲ, ಆಸರೆ ಕೊಟ್ಟ ಮನೆಯನ್ನೇ ಒಡೆದರೆ ಆಕೆ ಎಲ್ಲಿಗೆ ಹೋಗಬೇಕು ಎಂದರು. ಅವರ ಭಯ ನನಗೂ ಇತ್ತು, ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಸಲಹೆ ಹಿಂತೆಗೆದುಕೊಳ್ಳಲಾರೆ. ಮಾತ್ರೆ ಕತ್ತರಿಸಿ ಗಳಿಸಿದ ಮರ್ಯಾದೆ ಮೂರು ತಿಂಗಳಿಗೆ ಮುಗಿದಿತ್ತು. ಸಾಲದ ರೇಷ್ಮೆ ದಾರ ಅವರ ಮರ್ಯಾದೆಯನ್ನೂ ಅತ್ತಿಗೆಯ ನೆಮ್ಮದಿಯನ್ನೂ ಒಟ್ಟಿಗೆ ತಿಂದುಹಾಕಿತ್ತು. ಐನೂರು ಕೊಡಬೇಡಿ ಎಂದು ನಾನು ಹೇಳಲಿಲ್ಲ, ಯಾವುದು ಮೊದಲು ಎಂದಷ್ಟೇ ಹೇಳಿದೆ. ಇನ್ನು ಕೇಳಿಸಿಕೊಳ್ಳುವುದರ ಬಗ್ಗೆ: ಡಬ್ಬಿ ತುಂಬ ಅರ್ಧ ಮಾತ್ರೆ ತಂದವರ ಮುಂದೆ ಬರೀ ಕೇಳಿಸಿಕೊಂಡು ಕೂರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಅತ್ತಿಗೆ ಕೆಟ್ಟವರಲ್ಲ. ಅರ್ಧ ಹೋಳುಗಳನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೇನು ಇವಳ ಮಾತ್ರೆ ದುಡ್ಡು ಕೇಳಿದ್ನಾ? ಆದ್ರೆ ಆ ಐನೂರು ಸಿಲಿಂಡರಿಗೆ ಆಗ್ತಿತ್ತು ಮೇಡಂ, ಸುಳ್ಳು ಹೇಳಲ್ಲ" ಅಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದೆವು: ಔಷಧ ಆಸ್ಪತ್ರೆಯಲ್ಲಿ ಸಿಕ್ಕ ತಿಂಗಳು ಐನೂರು, ಸಿಗದ ತಿಂಗಳು ಇನ್ನೂರು.

ಸಿಗದ ತಿಂಗಳು ಬಂದೇ ಬರುತ್ತದೆ. ಔಷಧ ವಿತರಣೆಯ ಕಿಟಕಿಯಲ್ಲಿ "ಸ್ಟಾಕ್ ಇಲ್ಲ" ಎಂದರೆ ಸುಮ್ಮನೆ ತಿರುಗಿ ಬರಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಇಲ್ಲ ಎಂಬುದನ್ನು ಚೀಟಿಯ ಮೇಲೆ ಬರೆದು ತಾರೀಖು ಹಾಕಿ ಕೊಡಿ ಎಂದು ಕೇಳಿ, ಅದನ್ನು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ತೋರಿಸಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ, ಇದು ಅವರ ಕೆಲಸವೇ. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಅಂಗವಿಕಲರಿಗೂ ಹೆಂಗಸರಿಗೂ ಅಲ್ಲಿ ಕಾನೂನು ನೆರವು ಉಚಿತ. ರಾತ್ರಿ ಹೊತ್ತು ಯಾರೂ ಸಿಗದೆ ಮನಸ್ಸು ಕೆಟ್ಟಾಗ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಏಳು ತಿಂಗಳಾಯಿತು. ರಕ್ತದ ಮಟ್ಟ ನೋಡಿ ಡಾಕ್ಟರು ಡೋಸನ್ನು ಸ್ವಲ್ಪ ಹೊಂದಿಸಿದ ಮೇಲೆ ಬೆರಳ ನಡುಕ ಇಳಿದಿದೆ, ಪೂರ್ತಿ ಹೋಗಿಲ್ಲ. ಸಣ್ಣ ಗಂಟಿನ ಕುಚ್ಚು ಬಿಟ್ಟು ದಪ್ಪ ಗಂಟಿನವನ್ನು ಮಾತ್ರ ಒಪ್ಪಿಕೊಳ್ಳುತ್ತಾರೆ. ಎರಡು ತಿಂಗಳು ಆಸ್ಪತ್ರೆಯಲ್ಲಿ ಲಿಥಿಯಂ ಇರಲಿಲ್ಲ. ಮೊದಲ ಸಲ ನನಗೆ ಫೋನ್ ಮಾಡಿ ಅತ್ತಿಗೆಗೆ ಹೇಳಿಬಿಡಿ ಎಂದು ಕೇಳಿಕೊಂಡರು. ನೀವೇ ಹೇಳಿ ಎಂದೆ.

ಹೇಳಿದರಂತೆ. "ಈ ತಿಂಗಳು ಇನ್ನೂರೇ ಅತ್ತಿಗೆ, ಆಸ್ಪತ್ರೇಲಿ ಮಾತ್ರೆ ಬಂದಿಲ್ಲ." ಎರಡು ದಿನ ಅತ್ತಿಗೆ ಮಾತು ಕಡಿಮೆ ಮಾಡಿದರಂತೆ. ಮೂರನೆಯ ದಿನ ಪಕ್ಕದ ಬೀದಿಯವರ ಎರಡು ಸೀರೆ ಕೇಳಿ ತಂದು ಇವರ ಮುಂದೆ ಇಟ್ಟು, ದಪ್ಪ ಗಂಟೇ ಸಾಕಂತೆ ಅಂದರಂತೆ.