ಪ್ರಶ್ನೋತ್ತರ: ನಂಬಿಕೆಯಿಂದಲೋ, ಸತ್ಕ್ರಿಯೆಯಿಂದಲೋ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯ ಹತ್ತಿರ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು, ನನ್ನ ಹೆಂಡತಿ ಕಥೋಲಿಕ ಮನೆಯಿಂದ ಬಂದವಳು. ಕಳೆದ ಮಳೆಗಾಲದಲ್ಲಿ ತಾಯಿ ತೀರಿಕೊಂಡಾಗ ಸಭಾಪಾಲಕರು ಸಮಾಧಿಯ ಬಳಿ ‘ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ರಕ್ಷಣೆ’ ಎಂದು ಬೋಧಿಸಿದರು. ತಿಂಗಳ ದಿನಕ್ಕೆ ಹೆಂಡತಿ ಅತ್ತೆಯ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆ ಹೇಳಿಸಿ ಬಡವರಿಗೆ ಊಟ ಹಾಕಿಸೋಣ ಎಂದಳು. ‘ಹಾಗೆ ಮಾಡಿದರೆ ಅಮ್ಮನ ನಂಬಿಕೆಗೇ ಅವಮಾನ’ ಎಂದು ಅಣ್ಣ ತಡೆದ. ಅವಳು ಯಾಕೋಬನ ಪತ್ರಿಕೆ ತೆರೆದು ‘ನಂಬಿಕೆಯಿಂದ ಮಾತ್ರವಲ್ಲ’ ಎಂಬ ಸಾಲನ್ನು ತೋರಿಸಿದಳು. ಬೈಬಲು ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತದೆಯೇ?

ಉತ್ತರ: ನಿಮ್ಮ ಹೆಂಡತಿ ತೋರಿಸಿದ ಸಾಲು ಇರುವುದು ನಿಜ; ಅದು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದ 24ನೆಯ ವಚನ. ಅಷ್ಟೇ ಅಲ್ಲ, ‘ನಂಬಿಕೆಯಿಂದ ಮಾತ್ರ’ ಎಂಬ ಮಾತು ಮೂಲ ಗ್ರೀಕಿನ ಹೊಸ ಒಡಂಬಡಿಕೆಯಲ್ಲಿ ಬರುವುದೇ ಅದೊಂದು ಕಡೆ, ಅದೂ ‘ಅಲ್ಲ’ ಎಂಬ ನಿಷೇಧದೊಂದಿಗೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ 28ನೆಯ ವಚನದಲ್ಲಿ ಆದಿಸಭೆಯ ಬೋಧಕನಾದ ಪೌಲನು ‘ಮಾತ್ರ’ ಎಂದು ಬರೆದಿರಲಿಲ್ಲ. 1522ರಲ್ಲಿ ಜರ್ಮನ್ ಭಾಷೆಗೆ ತರುವಾಗ ಆ ಪದವನ್ನು ಸೇರಿಸಿದವನು ಮಾರ್ಟಿನ್ ಲೂಥರ್. ಪೌಲನ ಅಭಿಪ್ರಾಯ ಅದೇ ಎಂಬುದು ಅವನ ಸಮರ್ಥನೆ. ನಾನು ಬೆಳೆದದ್ದು ಪ್ರೊಟೆಸ್ಟೆಂಟ್ ಮನೆಯಲ್ಲಿ; ಆ ಒಲವು ಮುಂದಿನ ಮಾತುಗಳಲ್ಲಿ ಎಲ್ಲಿಯಾದರೂ ಇಣುಕಿದರೆ ನಿಮ್ಮ ಹೆಂಡತಿಯವರು ಮನ್ನಿಸಬೇಕು.

ಪೌಲ ಮತ್ತು ಯಾಕೋಬರ ಮಾತುಗಳು ಹುಟ್ಟಿದ ಸಂದರ್ಭಗಳನ್ನು ಮೊದಲು ನೋಡಬೇಕು. ಪೌಲನ ಈ ಬೋಧನೆ ಹುಟ್ಟಿದ್ದು ಊಟದ ಪಂಕ್ತಿಯಲ್ಲಿ ಎಂದರೆ ಮಲೆನಾಡಿನವರಿಗೆ ಬೇರೆ ವಿವರಣೆ ಬೇಡವೇನೋ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಕುಳಿತು ಉಣ್ಣುತ್ತಿದ್ದ, ಯೇಸುವಿನ ಶಿಷ್ಯ ಪೇತ್ರನು, ಯಾಕೋಬನ ಕಡೆಯಿಂದ ಕೆಲವರು ಬಂದರೆಂದು ತಿಳಿದಾಗ ಮೆಲ್ಲನೆ ಎದ್ದು ಬೇರೆ ಕುಳಿತ; ಅವನನ್ನು ನೋಡಿ ಉಳಿದ ಯೆಹೂದ್ಯರೂ ಹಾಗೆಯೇ ಮಾಡಿದರು. ಆಗ ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ ಸಂಗತಿ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿದೆ. ಮನುಷ್ಯನು ನೀತಿವಂತನೆಂದು ಎಣಿಸಲ್ಪಡುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನ ಮೇಲಣ ನಂಬಿಕೆಯಿಂದ ಎಂಬ ಮಾತು ಬರುವುದು ಆ ಪ್ರಸಂಗದ ಬೆನ್ನಿಗೇ. ಸುನ್ನತಿ, ಮಡಿಯ ಊಟ ಮೊದಲಾದ ಕಟ್ಟಳೆಗಳನ್ನು ಪೂರೈಸಿದವನು ಮಾತ್ರ ದೇವರ ಪಂಕ್ತಿಗೆ ಅರ್ಹ ಎನ್ನುವವರಿಗೆ ಪೌಲ ಕೊಟ್ಟ ಉತ್ತರ ಅದು: ಯಾವ ಯೋಗ್ಯತೆಯನ್ನೂ ಮುಂದಿಟ್ಟು ಯಾರೂ ಆ ಮನೆಯ ಹೊಸ್ತಿಲು ದಾಟಿದವರಲ್ಲ, ಕರೆದದ್ದು ಕೃಪೆ, ಕೈಚಾಚಿ ಹಿಡಿದದ್ದು ನಂಬಿಕೆ. ಮುಂದೆ ರೋಮಾಪುರದ ಪತ್ರಿಕೆಯಲ್ಲಿ ಅವನು ಇದನ್ನು ಕಟ್ಟಳೆಗಳಾಚೆಗೂ ವಿಸ್ತರಿಸಿ, ಒಳ್ಳೆಯವನೆನಿಸಿಕೊಂಡವನಿಗೂ ದೇವರೆದುರು ಹೊಗಳಿಕೊಳ್ಳಲು ಏನೂ ಉಳಿಯದಂತೆ ಮಾಡುತ್ತಾನೆ.

ಯಾಕೋಬನ ಎದುರಿಗಿರುವವರು ಆಗಲೇ ಒಳಗೆ ಬಂದು ಬೆಚ್ಚಗೆ ಕುಳಿತವರು. ಉಡಲು ಬಟ್ಟೆಯಿಲ್ಲದೆ, ಆ ದಿನದ ಊಟಕ್ಕೂ ಗತಿಯಿಲ್ಲದೆ ಬಂದ ಸಹೋದರನಿಗೋ ಸಹೋದರಿಗೋ ‘ಸಮಾಧಾನದಿಂದ ಹೋಗಿ ಬನ್ನಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ’ ಎಂದು ಹೇಳಿ ಏನನ್ನೂ ಕೊಡದೆ ಕಳುಹಿಸಿದರೆ ಪ್ರಯೋಜನವೇನು ಎಂದು ಅವನು ಕೇಳುತ್ತಾನೆ. ಆಷಾಢದ ಸಂಜೆ ತೊಯ್ದ ಕಂಬಳಿ ಹೊದ್ದು ನಡುಗುತ್ತ ಜಗಲಿಯಲ್ಲಿ ನಿಂತವನಿಗೆ, ಒಳಗೆ ಬಚ್ಚಲೊಲೆ ಧಗಧಗ ಉರಿಯುತ್ತಿರುವಾಗ, ‘ಮೈ ಬೆಚ್ಚಗೆ ಮಾಡ್ಕಳಿ ಮಾರಾಯ್ರೆ’ ಎಂದು ಬಾಗಿಲು ಹಾಕಿಕೊಂಡರೆ ಹೇಗಿರುತ್ತದೆಯೋ ಹಾಗೆ. ಇಂಥ ನಂಬಿಕೆ ಸತ್ತದ್ದು ಎನ್ನುತ್ತಾನೆ ಯಾಕೋಬ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂಬ ಅವನ ಚುಚ್ಚುಮಾತನ್ನು ಗಮನಿಸಿದರೆ, ಅವನು ಇಲ್ಲಿ ‘ನಂಬಿಕೆ’ ಎನ್ನುತ್ತಿರುವುದು ಬರಿಯ ಒಪ್ಪಿಗೆಯನ್ನು, ಪೌಲನು ಹೇಳುವ ಶರಣಾಗತಿಯನ್ನಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ ಎಂಬುದು ಸ್ವಾರಸ್ಯದ ಸಂಗತಿ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ, ಮಕ್ಕಳಿಲ್ಲದ ಮುದುಕನಾದ ಅಬ್ರಹಾಮನು ದೇವರ ಮಾತನ್ನು ನಂಬಿದ. ಅವನಿಗೆ ಸುನ್ನತಿಯಾದದ್ದು 17ನೆಯ ಅಧ್ಯಾಯದಲ್ಲಿ, ಮಗನನ್ನು ಯಜ್ಞವೇದಿಯ ಮೇಲೆ ಮಲಗಿಸಿದ್ದು 22ನೆಯ ಅಧ್ಯಾಯದಲ್ಲಿ. ಪೌಲನು 15ಕ್ಕೂ 17ಕ್ಕೂ ನಡುವಣ ಅಂತರವನ್ನು ತೋರಿಸಿ, ಕಟ್ಟಳೆ ಬರುವ ಮೊದಲೇ ಅವನು ನೀತಿವಂತನೆನಿಸಿದ್ದ ಎನ್ನುತ್ತಾನೆ. ಯಾಕೋಬನು 22ಕ್ಕೆ ಬೆರಳು ತೋರಿಸಿ, ಆ ನಂಬಿಕೆ ತುಂಬಿಬಂದದ್ದು ಇಲ್ಲಿ ಎನ್ನುತ್ತಾನೆ.

ನಾನು ಹುಟ್ಟಿ ಬೆಳೆದ ಹೊಸನಗರದ ಕಡೆ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಕಾಲುಸಂಕವಿತ್ತು. ಎರಡು ಅಡಿಕೆ ಮರ ಒಟ್ಟಿಗೆ ಹಾಸಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ್ದಷ್ಟೇ. ಕೆಳಗೆ ಕೆಂಪಾಗಿ ಮೊರೆಯುವ ಹಳ್ಳ. ಸಂಕ ಗಟ್ಟಿಯಾಗಿದೆ ಎಂದು ಈಚೆ ದಡದಲ್ಲಿ ನಿಂತು ನೂರು ಸಲ ಹೇಳಿದರೂ ಕಾಲಿಡದವನು ಅದನ್ನು ನಂಬಿದವನಲ್ಲ. ಕಾಲಿಟ್ಟು ದಾಟಿದವನು ಆಚೆ ದಡದಲ್ಲಿ ನಿಂತು ‘ನನ್ನ ಹೆಜ್ಜೆಗಳೇ ನನ್ನನ್ನು ಎತ್ತಿ ಹಿಡಿದವು’ ಎಂದರೆ ಅದೂ ನಗೆಪಾಟಲು. ಭಾರ ಹೊತ್ತದ್ದು ಸಂಕ. ಗಲಾತ್ಯದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನೇ ‘ಪ್ರೀತಿಯ ಮೂಲಕ ಕೆಲಸ ನಡಿಸುವ ನಂಬಿಕೆ’ ಎಂದಾಗ ಹೇಳಿದ್ದು ಇಂಥದನ್ನೇ ಎಂದು ನನಗೆ ತೋರುತ್ತದೆ. ನಮ್ಮ ಭಾಷೆಯೂ ಇಲ್ಲಿ ನೆರವಿಗೆ ಬರುತ್ತದೆ: ಗ್ರೀಕಿನ ‘ಪಿಸ್ತಿಸ್’ ಎಂಬ ಪದಕ್ಕೆ ನಂಬುವುದು, ನಂಬಿಕೆಗೆ ಅರ್ಹವಾಗಿರುವುದು ಎಂಬ ಎರಡೂ ಅರ್ಥಗಳಿವೆ; ಕನ್ನಡ ಬೈಬಲಿನಲ್ಲಿಯೂ ‘ನಂಬಿಕೆ’, ‘ನಂಬಿಗಸ್ತ’ ಎರಡೂ ಒಂದೇ ಬೇರಿನವು.

ಹಾಗಾದರೆ ಸಭೆಗಳು ಒಡೆದದ್ದೇಕೆ? 1517ರಲ್ಲಿ ಲೂಥರ್ ಸಿಡಿದೆದ್ದದ್ದು, ಶಾಲೆಯ ಇತಿಹಾಸದಲ್ಲಿ ನಾವೆಲ್ಲ ಓದಿರುವ ಪಾಪವಿಮೋಚನಾ ಪತ್ರಗಳ ವ್ಯಾಪಾರದ ವಿರುದ್ಧ. ಅದಕ್ಕೆ ಉತ್ತರವಾಗಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಹೊರಡಿಸಿದ ನಿರ್ಣಯವು ‘ನಂಬಿಕೆಯೊಂದೇ ಸಾಕು’ ಎಂಬುದನ್ನು ತಿರಸ್ಕರಿಸಿತು. ಆದರೆ ಅದೇ ನಿರ್ಣಯದ ಮೊತ್ತಮೊದಲ ವಿಧಿ, ಕೃಪೆಯ ನೆರವಿಲ್ಲದೆ ಸ್ವಂತ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲ ಎನ್ನುವವರನ್ನು ಖಂಡಿಸುತ್ತದೆ ಎಂಬುದು ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬಹುಮಂದಿಗೆ ತಿಳಿಯದು. ಕಥೋಲಿಕರು ಪುಣ್ಯ ಕೊಟ್ಟು ಸ್ವರ್ಗ ಕೊಳ್ಳುತ್ತಾರೆ ಎಂದು ನಾನೂ ಚಿಕ್ಕಂದಿನಲ್ಲಿ ನಂಬಿದ್ದೆ. ಸಿ.ಎಸ್.ಐ. ಸಭೆಗೆ ಆಂಗ್ಲಿಕನ್ (ಇಂಗ್ಲೆಂಡಿನ) ಸಭೆಯ ಕಡೆಯಿಂದ ಬಂದಿರುವ ಪರಂಪರೆಯ 39 ವಿಧಿಗಳಲ್ಲಿ 12ನೆಯದು, ನಿಜವಾದ ನಂಬಿಕೆಯಿಂದ ಸತ್ಕ್ರಿಯೆಗಳು ಹುಟ್ಟಿಯೇ ತೀರುತ್ತವೆ ಎನ್ನುತ್ತದೆ. ಇದು ನಿಮ್ಮ ಅಣ್ಣನಿಗೆ ತಿಳಿದಿರಲಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ಜಾಗತಿಕ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿ, ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮನ್ನು ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂದು ಒಟ್ಟಿಗೆ ಒಪ್ಪಿಕೊಂಡರು. 2006ರಲ್ಲಿ ಮೆಥೋಡಿಸ್ಟರೂ ಇದಕ್ಕೆ ಕೈಜೋಡಿಸಿದರು.

ಇನ್ನು ನಿಮ್ಮ ಮನೆಯ ವಿಷಯ. ಬಡವರ ಊಟಕ್ಕೆ ಎರಡು ಸಭೆಗಳಲ್ಲಿ ಯಾವುದರ ಆಕ್ಷೇಪವೂ ಇಲ್ಲ. ಅದನ್ನು ಅವಶ್ಯವಾಗಿ ಮಾಡಿ. ಸತ್ತವರಿಗಾಗಿ ಪೂಜೆ ಅರ್ಪಿಸುವುದು ಬೇರೆಯೇ ಚರ್ಚೆ. ದೇವರ ಕೃಪೆಯಲ್ಲಿಯೇ ಸತ್ತರೂ ಪೂರ್ಣವಾಗಿ ಶುದ್ಧರಾಗದವರಿಗೆ ನಮ್ಮ ಪ್ರಾರ್ಥನೆ ನೆರವಾಗುತ್ತದೆ ಎಂದು ಕಥೋಲಿಕರು ನಂಬುತ್ತಾರೆ. ಅದಕ್ಕೆ ಅವರು ಉಲ್ಲೇಖಿಸುವ ಮಕ್ಕಬಿಯರ ಎರಡನೆಯ ಗ್ರಂಥ ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇಲ್ಲ. ಆದ್ದರಿಂದ ನಿಮ್ಮ ಅಣ್ಣ ಆ ಪೂಜೆಯನ್ನು ಒಪ್ಪದಿರಬಹುದು. ಆದರೆ ಅತ್ತಿಗೆಯೋ ನಾದಿನಿಯೋ ಯಾರೇ ಆಗಲಿ ಅಮ್ಮನಿಗೆ ರಕ್ಷಣೆಯನ್ನು ಹಣ ಕೊಟ್ಟು ಕೊಳ್ಳುತ್ತಿದ್ದಾರೆ ಎಂದು ದೂರುವುದು ಸರಿಯಲ್ಲ. ನಿಮ್ಮ ಹೆಂಡತಿ ತಮ್ಮ ಚರ್ಚಿನಲ್ಲಿ ಪೂಜೆ ಹೇಳಿಸಲಿ, ಅಣ್ಣನಿಗೆ ಮನಸ್ಸಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಲಿ, ಇಲ್ಲದಿದ್ದರೆ ಊಟಕ್ಕೆ ಬಡಿಸಲು ಬರಲಿ.

ಪ್ರಶ್ನೆ: ಜೀವಮಾನವಿಡೀ ಕೆಡುಕು ಮಾಡಿದ ಕಳ್ಳನಿಗೆ ಶಿಲುಬೆಯ ಮೇಲೆ ಕೊನೆಗಳಿಗೆಯಲ್ಲಿ ಪರದೈಸು ಸಿಕ್ಕಿತು. ನಲವತ್ತು ವರ್ಷ ತಪ್ಪದೆ ಚರ್ಚಿಗೆ ಹೋದ ನನಗೂ ಅವನಿಗೂ ಒಂದೇ ಪಾಲೆ? (ಭದ್ರಾವತಿಯಿಂದ)

ಉತ್ತರ: ನಿಮ್ಮ ಪ್ರಶ್ನೆಯನ್ನು ಯೇಸುವಿನ ಸಾಮತಿಯೊಂದರಲ್ಲಿ (ದೃಷ್ಟಾಂತ ಕಥೆಯಲ್ಲಿ) ಕೂಲಿಯಾಳುಗಳೇ ಕೇಳಿದ್ದಾರೆ, ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯ ನೋಡಿ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ದುಡಿದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ದ್ರಾಕ್ಷೇತೋಟದ ಯಜಮಾನನು ಒಂದೊಂದು ದಿನಾರಿ ಕೊಡುತ್ತಾನೆ. ಅಡಿಕೆ ಕೊಯ್ಲಿನ ದಿನ ಯಾವ ಯಜಮಾನನಾದರೂ ಹೀಗೆ ಮಾಡಿದರೆ ಮಾರನೆಯ ದಿನ ಕೊನೆಗಾರನೊಬ್ಬನೂ ಮರ ಹತ್ತುವುದಿಲ್ಲ, ಒಪ್ಪಿದೆ. ಆದರೆ ಮೊದಲು ಬಂದವನಿಗೆ ಹೇಳಿದ್ದರಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಕೊನೆಗೆ ಬಂದವರು ಸಂಜೆಯವರೆಗೆ ಪೇಟೆಯಲ್ಲಿ ನಿಂತಿದ್ದುದು ಸೋಮಾರಿತನದಿಂದಲ್ಲ, ‘ಯಾರೂ ನಮ್ಮನ್ನು ಕರೆಯಲಿಲ್ಲ’ ಎಂಬ ಕಾರಣಕ್ಕೆ ಎಂಬ ಮಾತನ್ನೂ ನಾವು ಗಮನಿಸದೆ ಓದಿಬಿಡುತ್ತೇವೆ.

ಆ ಕಳ್ಳನು ಏನೂ ಮಾಡಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಲೂಕನ ಪ್ರಕಾರ ಅವನು ತನ್ನ ತಪ್ಪನ್ನು ಒಪ್ಪಿಕೊಂಡ, ಹಾಸ್ಯಮಾಡುತ್ತಿದ್ದ ಜೊತೆಗಾರನನ್ನು ಗದರಿಸಿದ, ಯೇಸು ನಿರಪರಾಧಿ ಎಂದು ಹೇಳಿದ. ಮೊಳೆ ಹೊಡೆದ ಕೈಕಾಲಿನಿಂದ ಅದಕ್ಕಿಂತ ಹೆಚ್ಚು ಮಾಡಲಾಗದು. ಅದು ಅವನಿಗೆ ಬೆಲೆಯಾಗಿ ಸಂದಿತು ಎಂದು ಮಾತ್ರ ಯಾರೂ ಹೇಳಲಾರರು. ನಿಮ್ಮ ನಲವತ್ತು ವರ್ಷಗಳನ್ನು ನೀವು ಕೂಲಿಯೆಂದು ಲೆಕ್ಕ ಹಾಕುತ್ತಿದ್ದೀರಿ; ಅಷ್ಟು ಕಾಲ ಯಜಮಾನನ ತೋಟದಲ್ಲಿದ್ದುದೇ ಲಾಭವಲ್ಲವೇ ಎಂದು ನಾನು ಕೇಳುತ್ತೇನೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳ ಚರ್ಚೆಯೂ ನಿಮ್ಮದೂ ಒಂದೇ ಅಲ್ಲವೇ? (ಸಾಗರದಿಂದ)

ಉತ್ತರ: ಹೋಲಿಕೆ ಒಳ್ಳೆಯದು, ಒಂದು ಮಿತಿಯವರೆಗೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮನುಷ್ಯ ಪ್ರಯತ್ನವೆಷ್ಟು, ದೇವರ ಅನುಗ್ರಹವೆಷ್ಟು ಎಂಬ ಪ್ರಶ್ನೆ ಐದನೆಯ ಶತಮಾನದಲ್ಲಿ ಅಗಸ್ಟೀನ್ ಮತ್ತು ಪೆಲಾಗಿಯಸ್ ಎಂಬ ಕ್ರೈಸ್ತ ಚಿಂತಕರ ನಡುವೆ ಎದ್ದಾಗಲೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಬೆಕ್ಕಿನ ಪಕ್ಷ ಅಗಸ್ಟೀನನದು. 529ರಲ್ಲಿ ಆರೆಂಜ್ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಬಹುಮಟ್ಟಿಗೆ ಅವನನ್ನೇ ಎತ್ತಿಹಿಡಿಯಿತು. ಆದರೆ ಪೌಲ–ಯಾಕೋಬರ ಪ್ರಶ್ನೆಗೆ ಈ ನ್ಯಾಯಗಳು ಪೂರ್ತಿ ಹೊಂದುವುದಿಲ್ಲ. ಎತ್ತಿಕೊಂಡು ಬಂದ ಮರಿ ಮುಂದೆ ಏನು ಮಾಡಬೇಕು ಎಂಬುದೇ ಯಾಕೋಬನ ಚಿಂತೆ.

ಪ್ರಶ್ನೆ: ಲೂಥರ್ ಯಾಕೋಬನ ಪತ್ರಿಕೆಯನ್ನು ಬೈಬಲಿನಿಂದ ತೆಗೆದುಹಾಕಿದನಂತೆ, ನಿಜವೇ? (ಶಿವಮೊಗ್ಗದಿಂದ)

ಉತ್ತರ: ಇಲ್ಲ. 1522ರ ಮುನ್ನುಡಿಯಲ್ಲಿ ಅದನ್ನು ಬೇರೆ ಪತ್ರಿಕೆಗಳೊಡನೆ ಹೋಲಿಸಿ ‘ಹುಲ್ಲಿನ ಪತ್ರಿಕೆ’ ಎಂದು ಜರೆದದ್ದು ನಿಜ. ಇಬ್ರಿಯರಿಗೆ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕನ್ನೂ ಕೊನೆಗೆ ತಳ್ಳಿದ್ದೂ ನಿಜ. ಆದರೆ ಅನುವಾದಿಸಿ ಒಳಗೇ ಇಟ್ಟುಕೊಂಡ, ಮತ್ತು ಹುಲ್ಲಿನ ಮಾತನ್ನು ಮುಂದಿನ ಮುದ್ರಣಗಳಲ್ಲಿ ಕೈಬಿಟ್ಟ.