ಮರ ನಮ್ಮದು, ಬೋರ್ಡು ಅವರದು

ಪ್ರಶ್ನೆ: ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಅಜ್ಜ 1974ರಲ್ಲಿ ಶುರು ಮಾಡಿದ ಹೋಟೆಲು ನಮ್ಮದು. ಬೋರ್ಡಿನ ಮೇಲೆ ‘ಮಲೆನಾಡು ಊಟದ ಮನೆ’ ಎಂದಿದೆ. ಆದರೆ ಎದುರಿಗೆ ದೊಡ್ಡ ಹಲಸಿನ ಮರ ಇರುವುದರಿಂದ ಎಲ್ಲರ ಬಾಯಲ್ಲೂ ‘ಹಲಸಿನ ಮರದ ಹೋಟೆಲ್’. ಈಗ ಅಪ್ಪ, ಚಿಕ್ಕಪ್ಪ ನಡೆಸುತ್ತಿದ್ದಾರೆ. ಹತ್ತು ವರ್ಷ ನಮ್ಮಲ್ಲಿದ್ದ ಅಡುಗೆ ಭಟ್ಟರು ಕೆಲಸ ಬಿಟ್ಟು, ಒಂದೂವರೆ ಕಿಲೋಮೀಟರ್ ಮುಂದೆ ‘ಹಳೇ ಹಲಸಿನ ಮರದ ಹೋಟೆಲ್’ ತೆರೆದಿದ್ದಾರೆ. ಅಲ್ಲಿ ಹಲಸಿನ ಗಿಡವೂ ಇಲ್ಲ! ಅದೇ ಕಡುಬು, ಅದೇ ಚಟ್ನಿ. ಆಗುಂಬೆಗೆ ಹೋಗುವವರೆಲ್ಲ ಅಲ್ಲೇ ಗಾಡಿ ನಿಲ್ಲಿಸುತ್ತಿದ್ದಾರೆ. ನಾವು ಏನನ್ನೂ ರಿಜಿಸ್ಟರ್ ಮಾಡಿಸಿಲ್ಲ. ಹೆಸರು ಕೈತಪ್ಪಿದ ಹಾಗೇನಾ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಕೈತಪ್ಪಿಲ್ಲ. ನೋಂದಣಿ ಇಲ್ಲದಿದ್ದರೂ, ಮೊದಲು ಬಳಸಿ ಹೆಸರು ಗಳಿಸಿದವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ರಕ್ಷಣೆ ಇದೆ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಕೇಳಿರಬಹುದು. ಇರುಟ್ಟುಕಡೈ ಎಂದರೆ ಕತ್ತಲೆ ಅಂಗಡಿ. ನಿಮ್ಮ ಹಲಸಿನ ಮರದಂತೆಯೇ ಜನರ ಬಾಯಲ್ಲಿ ಬೆಳೆದ ಹೆಸರು. 2015ರಲ್ಲಿ ಸುಪ್ರೀಂ ಕೋರ್ಟ್, ಎದುರಾಳಿ ನೋಂದಣಿ ಮಾಡಿಸಿಕೊಂಡಿದ್ದರೂ ಮೊದಲು ಬಳಸಿದವರ ಹಕ್ಕೇ ಮೇಲು ಎಂದಿತು.

ಹಾಗಾಗಿ ನೀವು ಕಾಪಾಡಬೇಕಾದದ್ದು ಬೋರ್ಡಿನ ಮೇಲಿನ ಹೆಸರನ್ನಲ್ಲ. ‘ಮಲೆನಾಡು’ ಪ್ರದೇಶದ ಹೆಸರು, ‘ಊಟದ ಮನೆ’ ಕೆಲಸದ ವರ್ಣನೆ. ಎರಡನ್ನೂ ಒಬ್ಬರ ಸ್ವತ್ತು ಮಾಡಿಕೊಳ್ಳಲು ಕಾಯ್ದೆಯ 9ನೇ ಕಲಂ ಸುಲಭಕ್ಕೆ ಬಿಡುವುದಿಲ್ಲ. ‘ಹಲಸಿನ ಮರ’ ಎಂಬುದು ಹೋಟೆಲಿನ ಕೆಲಸದ ವರ್ಣನೆಯಲ್ಲ, ಅದಕ್ಕೇ ಆ ಹೆಸರು ಗಟ್ಟಿ. ನಿಮ್ಮ ಭಟ್ಟರಿಗೆ ಇದು ನಿಮಗಿಂತ ಮೊದಲೇ ಹೊಳೆದಿದೆ.

ತೊಡಕಿರುವುದು ಸಾಕ್ಷ್ಯದಲ್ಲಿ. ನಿಮ್ಮ ಬಿಲ್ಲು, ಲೈಸೆನ್ಸುಗಳಲ್ಲಿ ಬೋರ್ಡಿನ ಹೆಸರೇ ಇರುತ್ತದೆ. ಅಡ್ಡಹೆಸರಿನ ಗುರುತು ಹುಡುಕಿ: ‘ಹಲಸಿನ ಮರದ ಹೋಟೆಲ್ ಎದುರು’ ಎಂದು ವಿಳಾಸ ಹಾಕಿದ ಲಗ್ನಪತ್ರಿಕೆ, ಹಳೆಯ ಪತ್ರ, ಗೂಗಲ್ ಮ್ಯಾಪಿನಲ್ಲಿ ಗಿರಾಕಿಗಳು ಬರೆದ ಮಾತು. ಮರದ ಜೊತೆ ಹೋಟೆಲಿನ ಹಳೆಯ ಫೋಟೊ ಇದ್ದರೆ ಈ ಮಳೆಗಾಲದ ಶೀತ ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿ. ‘ನಿಮ್ಮದೇ ಅಂದುಕೊಂಡು ಅಲ್ಲಿಗೆ ಹೋದೆವು’ ಎನ್ನುವ ಗಿರಾಕಿಗಳ ಹೆಸರು, ತಾರೀಕು ಒಂದು ಪುಸ್ತಕದಲ್ಲಿ ಬರೆದಿಡಿ. ಜನ ಮೋಸಹೋಗುತ್ತಿದ್ದಾರೆ ಎಂಬುದೇ ಇಂಥ ದಾವೆಯ ಜೀವ.

ಮೊದಲು ವಕೀಲರಿಂದ ನೋಟಿಸು, ಬಗ್ಗದಿದ್ದರೆ ಶಿವಮೊಗ್ಗ ಜಿಲ್ಲಾ ನ್ಯಾಯಾಲಯದಲ್ಲಿ ತಡೆಯಾಜ್ಞೆಗೆ ದಾವೆ. ‘ನೋಡೋಣ’ ಅಂತ ವರ್ಷಗಟ್ಟಲೆ ಕೂತರೆ ತಡೆ ಸಿಗುವುದು ಕಷ್ಟ. ಹೆಸರು ಹೋಲುತ್ತದೆ ಎಂದಷ್ಟೇ ಹೇಳಿದರೂ ಸಾಲದು. ಕೆಎಂಎಫ್‌ನ ‘ನಂದಿನಿ’ ಇದ್ದರೂ ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲಿಗೆ ತನ್ನ ಹೆಸರು ಬಳಸಲು ಸುಪ್ರೀಂ ಕೋರ್ಟ್ 2018ರಲ್ಲಿ ಬಿಟ್ಟಿತು. ಒಂದು ಹಾಲು, ಇನ್ನೊಂದು ಊಟದ ಹೋಟೆಲು. ನಿಮ್ಮದು ಅದೇ ರಸ್ತೆ, ಅದೇ ಕಡುಬು, ಹಾಗಾಗಿ ನಿಮ್ಮ ಕೈ ಮೇಲು.

ಆದರೆ ಅವರ ಕಡುಬನ್ನು ನಿಲ್ಲಿಸಲಾಗದು. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟವರು ಅದೇ ಕಸುಬು ಮಾಡಬಾರದು ಎಂಬ ಕರಾರು ನಿಲ್ಲುವುದಿಲ್ಲ. ಇನ್ನು ಮುಂದೆ ಚಟ್ನಿಪುಡಿಯ ಅಳತೆ ಮನೆಯವರ ಕೈಯಲ್ಲೇ ಇರಲಿ.

ಜೊತೆಗೇ ಹೆಸರನ್ನು ಟ್ರೇಡ್ ಮಾರ್ಕ್ ನೋಂದಣಿಗೆ ಹಾಕಿ. ಅಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ; ಹೋಟೆಲು ಸೇವೆಗೆ 43ನೇ ವರ್ಗ. ಮಿಡಿ ಉಪ್ಪಿನಕಾಯಿ ಬಾಟಲಿಯಲ್ಲಿ ಮಾರುತ್ತಿದ್ದರೆ 29ನೇ ವರ್ಗವೂ ಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಎಂದಿನಿಂದ ಬಳಸುತ್ತಿದ್ದೀರಿ ಎಂಬ ಅಫಿಡವಿಟ್ಟು ಲಗತ್ತಿಸಿ. ಅರ್ಜಿ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ 4 ತಿಂಗಳು ಕಾಲಾವಕಾಶವಿರುತ್ತದೆ. ಭಟ್ಟರು ಆಗ ಎದ್ದು ಬರಬಹುದು, ಸಿದ್ಧರಿರಿ.

ಅರ್ಜಿ ಯಾರ ಹೆಸರಿಗೆ? ನೀವು ಕೇಳಿಲ್ಲ, ಆದರೂ ನನಗೆ ಭಟ್ಟರಿಗಿಂತ ಇದರದೇ ಭಯ. ಅಪ್ಪನೊಬ್ಬರ ಹೆಸರಿಗೆ ಹಾಕಿದರೆ ನಾಳೆ ಚಿಕ್ಕಪ್ಪನ ಮಕ್ಕಳು ಇನ್ನೊಂದು ಹಲಸಿನ ಮರ ನೆಡುತ್ತಾರೆ. ಇಬ್ಬರೂ ಸೇರಿ ಪಾಲುದಾರಿಕೆ ಪತ್ರ ಮಾಡಿಸಿ, ಸಂಸ್ಥೆಯ ಹೆಸರಿಗೇ ಹಾಕಿ. ಮುಂದೆ ಹಿಸ್ಸೆಯಾದರೆ ಹೆಸರು ಯಾರ ಪಾಲಿಗೆ, ಇನ್ನೊಂದು ಶಾಖೆ ತೆರೆಯಬಹುದೇ ಎಂಬುದನ್ನೂ ಅದರಲ್ಲೇ ಬರೆಸಿ. ತೋಟ, ಗದ್ದೆ, ಬಾವಿಯ ನೀರನ್ನೂ ಬರೆದು ಹಂಚಿಕೊಳ್ಳುವ ನಮ್ಮ ಕಡೆಯವರು ಹೋಟೆಲಿನ ಹೆಸರನ್ನು ಮಾತ್ರ ಮರೆಯುತ್ತಾರೆ.

ಬೋರ್ಡಿನಲ್ಲಿ ಅಡ್ಡಹೆಸರನ್ನೂ ಪಕ್ಕದಲ್ಲಿ ‘ಟಿಎಂ’ (ಟ್ರೇಡ್ ಮಾರ್ಕ್) ಗುರುತನ್ನೂ ನಾಳೆಯೇ ಬರೆಸಬಹುದು. ‘ನೋಂದಣಿ ಆಗಿದೆ’ ಎಂದು ಸಾರುವ ವೃತ್ತದೊಳಗಿನ ‘ಆರ್’ ಮಾತ್ರ ನೋಂದಣಿ ಆಗುವವರೆಗೆ ಬೇಡ, ಅದಕ್ಕೆ ಕಾಯ್ದೆಯಲ್ಲಿ ದಂಡವಿದೆ.