ಸ್ನೋಮೆಡ್‌ನಿಂದ ಐಸಿಡಿಗೆ: ಹೆಸರು ಹೊಂದಿದರೆ ಸಾಕೇ?

ಪ್ರಶ್ನೆ: ಸರ್, ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಾನು ಎಂಆರ್‌ಡಿ (ವೈದ್ಯಕೀಯ ದಾಖಲೆ ವಿಭಾಗ) ನೋಡಿಕೊಳ್ಳುತ್ತೇನೆ. ಹೊಸ ಸಾಫ್ಟ್‌ವೇರ್‌ನಲ್ಲಿ ಡಾಕ್ಟರು ಕಾಯಿಲೆಯನ್ನು ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಕೋಶದಲ್ಲಿ ಆರಿಸುತ್ತಾರೆ. ವಿಮೆ ಕ್ಲೈಮಿಗೆ ಐಸಿಡಿ-10 ಎಂಬ ಕಾಯಿಲೆ ವರ್ಗೀಕರಣದ ಕೋಡ್ ಬೇಕು. ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ಹಾಕಿಕೊಂಡು, ಹೆಸರಿಗೆ ಹೆಸರು ಹೊಂದಿಸಿ ಟೇಬಲ್ ಮಾಡುತ್ತಿದ್ದೇನೆ. ಮೂರು ವಾರವಾದರೂ ಮುಗಿಯುತ್ತಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಮೊದಲು ಆ ಎಕ್ಸೆಲ್ ಮುಚ್ಚಿ. ನೀವು ಮಾಡಲು ಕೂತಿರುವ ಟೇಬಲ್ ಆಗಲೇ ತಯಾರಿದೆ. ಸ್ನೋಮೆಡ್ ಬಿಡುಗಡೆಯ ಫೋಲ್ಡರಿನಲ್ಲೇ ಇರುತ್ತದೆ. ‘ಎಕ್ಸ್‌ಟೆಂಡೆಡ್ ಮ್ಯಾಪ್’ ಎಂದು ಹೆಸರಿರುವ ಫೈಲ್ ತೆರೆದು, ರೆಫ್‌ಸೆಟ್ ಐಡಿ 447562003 ಇರುವ ಸಾಲುಗಳನ್ನು ನೋಡಿ. ಅವೇ ಐಸಿಡಿ-10 ಮ್ಯಾಪ್, ಅಂದರೆ ಹೊಂದಿಕೆ ಪಟ್ಟಿ. ಭಾರತ ಸ್ನೋಮೆಡ್ ಸದಸ್ಯ ದೇಶ, ಹಾಗಾಗಿ ನಾವು ದುಡ್ಡು ಕಟ್ಟಬೇಕಿಲ್ಲ. ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕೇಂದ್ರವಿದೆ, ಅಲ್ಲಿ ನೋಂದಾಯಿಸಿ ಲೈಸೆನ್ಸ್ ತೆಗೆದುಕೊಳ್ಳಿ. ಒಂದೆರಡು ಕೋಡ್ ನೋಡಬೇಕಷ್ಟೇ ಅಂದರೆ ಸ್ನೋಮೆಡ್ ಬ್ರೌಸರಿನಲ್ಲಿ ಕಾಯಿಲೆ ಹುಡುಕಿ, ‘ರೆಫ್‌ಸೆಟ್’ ಟ್ಯಾಬ್ ಒತ್ತಿದರೂ ಸಿಗುತ್ತದೆ.

ಇನ್ನು ಹೆಸರು ಹೊಂದಿಸುವ ವಿಚಾರ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಮ್ಮೆ ಒಂದು ಆಸ್ಪತ್ರೆಗೆ ವಿಲುಕಪ್ (ಹೆಸರು ಹುಡುಕಿ ಹೊಂದಿಸುವ ಎಕ್ಸೆಲ್ ಸೂತ್ರ) ಹಾಕಿ ಮ್ಯಾಪ್ ಮಾಡಿಕೊಟ್ಟಿದ್ದೆ. ‘ಎಂಐ’ ಅಂತಿದ್ದದ್ದೆಲ್ಲ ಹಾರ್ಟ್ ಅಟ್ಯಾಕ್ ಆಗಿ ಕೂತಿತು. ಆದರೆ ಅಲ್ಲಿನ ಹೃದ್ರೋಗ ವಿಭಾಗದವರು ಎಕೋ ರಿಪೋರ್ಟಿನಲ್ಲಿ ಮೈಟ್ರಲ್ ಕವಾಟ ಸೋರುವುದಕ್ಕೂ ‘ಎಂಐ’ ಅಂತಲೇ ಬರೆಯುತ್ತಿದ್ದರು!

ಮೂಲದಲ್ಲಿ ಎರಡರ ಕೆಲಸವೇ ಬೇರೆ. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಲು ಇರುವುದು ಸ್ನೋಮೆಡ್, ಅದರಲ್ಲಿ ಮೂರೂವರೆ ಲಕ್ಷಕ್ಕೂ ಜಾಸ್ತಿ ಪರಿಕಲ್ಪನೆಗಳಿವೆ. ಐಸಿಡಿ ಎಂದರೆ ಲೆಕ್ಕಕ್ಕಾಗಿ ಮಾಡಿದ ಗೂಡುಗಳು. ಲಕ್ಷಗಟ್ಟಲೆ ಕಾಗದಗಳನ್ನು ಹತ್ತು ಸಾವಿರ ಚಿಲ್ಲರೆ ಗೂಡುಗಳಿಗೆ ಹಂಚಬೇಕು. ಯಾವುದು ಎಲ್ಲಿಗೆ ಅನ್ನುವುದನ್ನು ಕಾಗದದ ಮೇಲಿನ ಹೆಸರಲ್ಲ, ಗೂಡಿನ ನಿಯಮ ಹೇಳುತ್ತದೆ.

ಬ್ರಾಂಕೈಟಿಸ್ ತೆಗೆದುಕೊಳ್ಳಿ. ಡಾಕ್ಟರು ಸುಮ್ನೆ ‘ಬ್ರಾಂಕೈಟಿಸ್’ ಅಂತ ಆರಿಸಿದ್ದಾರೆ. ದೊಡ್ಡವರಾದರೆ ಜೆ40. ಹದಿನೈದು ವರ್ಷದೊಳಗಿನ ಮಗುವಾದರೆ ಅದು ದಿಢೀರ್ ಬಂದದ್ದೇ ಇರಬೇಕು ಎಂದು ಐಸಿಡಿ-10 ಲೆಕ್ಕ ಹಾಕುತ್ತದೆ, ಕೋಡ್ ಜೆ20ಕ್ಕೆ ಹೋಗುತ್ತದೆ. ಹೆಸರು ಒಂದೇ, ವಯಸ್ಸು ಬೇರೆ, ಗೂಡು ಬೇರೆ. ಬಂಜೆತನವೂ ಹೀಗೇ: ಹೆಂಗಸಿಗೆ ಎನ್97.9, ಗಂಡಸಿಗೆ ಎನ್46. ವಿಷದ ಹಾವು ಕಡಿದರೆ ಎರಡು ಕೋಡ್ ಬೇಕು. ಒಳಗೆ ಹೋದ ವಿಷಕ್ಕೆ ಟಿ63.0, ಅದು ಹೋದದ್ದು ಹೇಗೆ ಎಂಬುದಕ್ಕೆ ಎಕ್ಸ್20.

ಮ್ಯಾಪ್ ಫೈಲಿನಲ್ಲಿ ಗ್ರೂಪ್, ಪ್ರಯಾರಿಟಿ, ರೂಲ್ ಎಂದು ಮೂರು ಕಾಲಂ ಇರುವುದು ಇದಕ್ಕೇ. ಎಷ್ಟು ಗ್ರೂಪ್ ಇದೆಯೋ ಅಷ್ಟು ಕೋಡ್‌ಗಳವರೆಗೆ ಬೇಕಾಗಬಹುದು. ಒಂದು ಗ್ರೂಪಿನೊಳಗೆ ಪ್ರಯಾರಿಟಿ 1ರಿಂದ ಶುರುಮಾಡಿ ರೂಲ್ ಓದುತ್ತಾ ಇಳಿಯಿರಿ, ಮೊದಲು ಹೊಂದಿದ ಸಾಲಿನಲ್ಲಿ ನಿಲ್ಲಿ. ಸಾಫ್ಟ್‌ವೇರ್‌ನವರು ಎಷ್ಟೋ ಸಲ ಈ ಕಾಲಂಗಳನ್ನು ಬಿಟ್ಟು ಮೊದಲ ಸಾಲನ್ನು ಮಾತ್ರ ಎತ್ತಿಕೊಂಡಿರುತ್ತಾರೆ. ಆಗ ಬಂಜೆತನಕ್ಕೆ ಬಂದ ಗಂಡಸರೆಲ್ಲ ಎನ್97.9ಕ್ಕೆ ಹೋಗಿರುವುದೂ ಉಂಟು. ಒಮ್ಮೆ ನಿಮ್ಮಲ್ಲೂ ಪರೀಕ್ಷಿಸಿ.

ಇನ್ನೊಂದನ್ನು ಟಿಪಿಎಯವರನ್ನು (ವಿಮೆ ಕ್ಲೈಮ್ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿ) ಕೇಳಲೇಬೇಕು: ಅವರಿಗೆ ಬೇಕಿರುವುದು ಯಾವ ಐಸಿಡಿ-10? ವಿಶ್ವ ಆರೋಗ್ಯ ಸಂಸ್ಥೆಯದ್ದೋ, ಅಮೆರಿಕದ ಐಸಿಡಿ-10-ಸಿಎಂ ಪಟ್ಟಿಯೋ? ನಾನು ಹೇಳಿದ ಮ್ಯಾಪ್ ಮೊದಲನೆಯದಕ್ಕೆ. ಗೂಗಲ್ ಮಾಡಿದರೆ ಜಾಸ್ತಿ ಸಿಗುವುದು ಎರಡನೆಯದು. ನೋಡಲು ಒಂದೇ ಥರ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮೂರಲ್ಲಿ ಮಳೆಗಾಲ ಬಂತೆಂದರೆ ಡೆಂಗಿ ಅಲ್ವಾ? ಅದನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹಳೆಯ ಎ90, ಎ91 ತೆಗೆದು ಎ97 ತಂದರು. ಅಪಾಯದ ಲಕ್ಷಣ ಇಲ್ಲದ್ದು ಎ97.0, ಇರುವುದು ಎ97.1, ತೀವ್ರವಾದದ್ದು ಎ97.2. ಅಮೆರಿಕದ ಪಟ್ಟಿಯಲ್ಲಿ ಎ90, ಎ91 ಹಾಗೇ ಉಳಿದವು. ಯಾವ ಬಗೆ ಎಂದು ಬರೆಯದ ಡಯಾಬಿಟಿಸ್‌ಗೂ ಇದೇ ಗೋಳು. ಮೊದಲನೆಯದರಲ್ಲಿ ಇ14 ಇದೆ, ಅಮೆರಿಕದ್ದರಲ್ಲಿ ಇ14 ಇಲ್ಲವೇ ಇಲ್ಲ, ಇ11ಕ್ಕೆ ಹಾಕಿ ಅನ್ನುತ್ತದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಕಾಲಂ ಅನ್ನು ‘ಟೆಕ್ಸ್ಟ್’ ಮಾಡದೆ ಕೋಡ್ ಅಂಟಿಸಬೇಡಿ. ಸ್ನೋಮೆಡ್ ಐಡಿ 18 ಅಂಕಿವರೆಗೂ ಹೋಗುತ್ತದೆ. ಎಕ್ಸೆಲ್ 15 ಅಂಕಿ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಮುಂದೆ ಐಸಿಡಿ-11ಕ್ಕೆ ಹೋದಾಗ ಇನ್ನೂ ತಮಾಷೆ. ಅದರಲ್ಲಿ ವೈರಸ್‌ನಿಂದ ದಿಢೀರ್ ಬರುವ ಲಿವರ್ ಉರಿಯೂತಕ್ಕೆ 1ಇ50 ಎಂಬ ಕೋಡ್ ಇದೆ. ಎಕ್ಸೆಲ್ ಅದನ್ನು ಒಂದರ ಮುಂದೆ ಐವತ್ತು ಸೊನ್ನೆ ಎಂದು ಓದಿಕೊಳ್ಳುತ್ತದೆ!

ಪ್ರಶ್ನೆ: ನಾನು ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ನನ್ನ ಬಳಿ ಹಳೆಯ ಡೇಟಾ ಐಸಿಡಿ-10ರಲ್ಲಿದೆ, ಸ್ನೋಮೆಡ್‌ಗೆ ತರಬೇಕು. ಅದೇ ಮ್ಯಾಪನ್ನು ತಿರುಗಿಸಿ ಬಳಸಬಹುದೇ? ಯುಎಂಎಲ್‌ಎಸ್‌ನಲ್ಲಿ (ಹಲವು ವೈದ್ಯಕೀಯ ಪಟ್ಟಿಗಳ ಪದಗಳನ್ನು ಒಟ್ಟಿಗೆ ಸೇರಿಸಿದ ಕೋಶ) ಒಂದೇ ನಂಬರ್ ಇರುವವನ್ನು ಜೋಡಿಸಿದರೆ ಆಗದೇ?

ಉತ್ತರ: ತಿರುಗಿಸಬೇಡಿ. ಗೂಡಿಗೆ ಹಾಕಿದ ಕಾಗದ ಯಾವುದಿತ್ತು ಅಂತ ಗೂಡನ್ನು ನೋಡಿ ಹೇಳಲು ಬರುವುದಿಲ್ಲ. ಐಸಿಡಿಯಿಂದ ಸ್ನೋಮೆಡ್ ಕಡೆಗೆ ಬರುವವರಿಗೆಂದೇ ಓಮಾಪ್ (ಆರೋಗ್ಯ ಡೇಟಾವನ್ನು ಸಂಶೋಧನೆಗೆ ಒಂದೇ ರೂಪಕ್ಕೆ ತರುವ ಮಾದರಿ) ಬಳಗದವರು ಮಾಡಿದ ಪಟ್ಟಿ ಇದೆ. ‘ಅಥೀನಾ’ ಎಂಬ ಅವರ ತಾಣದಲ್ಲಿ ಉಚಿತ. ಅದರಲ್ಲಿ ‘ಮ್ಯಾಪ್ಸ್ ಟು’ ಎಂಬ ಸಂಬಂಧವನ್ನಷ್ಟೇ ತೆಗೆದುಕೊಳ್ಳಿ.

ಯುಎಂಎಲ್‌ಎಸ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ಹುಡುಕಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ನಾನೂ ದಿನಾ ಬಳಸುತ್ತೇನೆ. ಆದರೆ ಅಲ್ಲಿ ಒಂದೇ ನಂಬರ್ ಇದ್ದರೆ ‘ಅರ್ಥ ಒಂದೇ’ ಎಂದಷ್ಟೇ, ‘ಕೋಡ್ ಮಾಡುವಾಗ ಇದನ್ನು ಹಾಕಿ’ ಎಂದಲ್ಲ. ಪದ ಕೊಟ್ಟು ಹುಡುಕುವಾಗಲೂ ಹುಷಾರು. ‘ಕೋಲ್ಡ್’ ಅಂತ ಹಾಕಿದರೆ ಚಳಿ, ನೆಗಡಿ, ಜೊತೆಗೆ ಧೂಮಪಾನಿಗಳಿಗೆ ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮೂರೂ ಬಂದು ನಿಲ್ಲುತ್ತವೆ. ಆ ಕಾಯಿಲೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿದರೂ ‘ಕೋಲ್ಡ್’ ಆಗುತ್ತದೆ. ಯಾವ ಆವೃತ್ತಿಯ ಪಟ್ಟಿ ಬಳಸಿದಿರಿ ಅನ್ನುವುದನ್ನು ಪ್ರಬಂಧದಲ್ಲಿ ಬರೆಯಿರಿ. ವೈವಾದಲ್ಲಿ ಕೇಳುತ್ತಾರೆ.

ಪ್ರಶ್ನೆ: ಉಡುಪಿಯ ಆಯುರ್ವೇದ ವೈದ್ಯೆ ನಾನು. ಪ್ರಮೇಹ ಎಂದು ಬರೆದ ಕಡೆಯಲ್ಲೆಲ್ಲ ಟೈಪ್ 2 ಡಯಾಬಿಟಿಸ್‌ನ ಕೋಡ್ ಹಾಕಬಹುದೇ?

ಉತ್ತರ: ಬೇಡ ಡಾಕ್ಟರೇ. ಪ್ರಮೇಹ ಇಪ್ಪತ್ತು ಬಗೆ, ಮಧುಮೇಹ ಅದರಲ್ಲೊಂದು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಯುಷ್ ಸಚಿವಾಲಯದ ‘ನಮಸ್ತೆ’ ಪೋರ್ಟಲ್‌ನಲ್ಲಿ ನಿಮ್ಮದೇ ಪದಗಳಿಗೆ ಕೋಡ್ ಇದೆ. ಐಸಿಡಿ-11ರ 26ನೇ ಅಧ್ಯಾಯಕ್ಕೂ ಆಯುರ್ವೇದ, ಸಿದ್ಧ, ಯುನಾನಿಯ ಭಾಗ ಸೇರಿದೆ. ಟಿಎಂ2 ಎಂದು ಕರೆಯುವ ಅದು 2024ರ ಜನವರಿ 10ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ನಿಮ್ಮ ನಿದಾನಕ್ಕೆ ಅಲ್ಲಿನ ಕೋಡ್ ಹಾಕಿ. ರೋಗಿಯ ರಕ್ತ ಪರೀಕ್ಷೆಯಾಗಿ ಟೈಪ್ 2 ಖಚಿತವಾಗಿದ್ದರೆ ಪಕ್ಕದಲ್ಲಿ ಅದರ ಐಸಿಡಿ-11 ಕೋಡ್ 5ಎ11 ಕೂಡ ಸೇರಿಸಿ. ಪರೀಕ್ಷೆ ಆಗಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ.